ಕಸಕ್ಕೆ ಹಾಕಬಾರದ ಕಾರ್ಡು

ವಕೀಲರ ಗುಮಾಸ್ತನ ಹೆಸರು ಯಾವ ಕಾಗದದಲ್ಲೂ ಇರುವುದಿಲ್ಲ. ದಾವೆಯ ಮೇಲೆ ವಾದಿಯ ಹೆಸರಿರುತ್ತದೆ, ಪ್ರತಿವಾದಿಯ ಹೆಸರಿರುತ್ತದೆ, ಕೊನೆಯಲ್ಲಿ ವಕೀಲರ ಸಹಿ ಇರುತ್ತದೆ. ಅದನ್ನು ಟೈಪು ಮಾಡಿ, ಹೊಲಿದು, ಕೌಂಟರಿನ ಮುಂದೆ ನಿಂತು ನಂಬರು ಹಾಕಿಸಿದವನು ಎಲ್ಲೂ ಇರುವುದಿಲ್ಲ. ನಾನು ಮೂವತ್ತೆಂಟು ವರ್ಷ ಹಾಗೆ ಇದ್ದೂ ಇಲ್ಲದವನಾಗಿ ದುಡಿದು ನಿವೃತ್ತನಾದೆ. ಅದಕ್ಕೆ ಬೇಸರವೇನಿಲ್ಲ. ಹೆಸರಿಲ್ಲದವನ ತಪ್ಪುಗಳಿಗೂ ಹೆಸರಿರುವುದಿಲ್ಲ ಎಂಬ ಸಣ್ಣ ಅನುಕೂಲ ಅದರಲ್ಲಿತ್ತು.

ಮೊನ್ನೆ ರಾಜಾಜಿನಗರದ ನಮ್ಮ ಹಳೆಯ ಆಫೀಸಿಗೆ ಹೋಗಿದ್ದಾಗ ಹೊಸದಾಗಿ ಸೇರಿದ ಹುಡುಗಿಯೊಬ್ಬಳು, "ಅಂಕಲ್, ಈ ಕೆಲಸದಲ್ಲಿ ಮುಖ್ಯವಾಗಿ ಏನ್ ಕಲೀಬೇಕು?" ಎಂದು ಕೇಳಿದಳು. ಕಂಪ್ಯೂಟರಿನಲ್ಲಿ ದಾವೆ ಹಾಕುವುದನ್ನು ಅವಳೇ ನನಗೆ ಕಲಿಸಬೇಕು. ಅವಳಿಗೆ ಯಾರೂ ಹೇಳಿಕೊಡದ ಒಂದೆರಡು ಸಂಗತಿ ನನ್ನ ಬಳಿ ಇವೆ. ಅವನ್ನು ಬರೆಯುತ್ತೇನೆ.

ನಾನು ಸೇರಿದಾಗ ದಬ್ಬಳ, ಬಿಳಿ ದಾರ, ಕಾರ್ಬನ್ ಹಾಳೆ ಇವೇ ನಮ್ಮ ಆಯುಧಗಳು. ಆಯುಧಪೂಜೆಗೆ ದಬ್ಬಳಕ್ಕೂ ಕುಂಕುಮ ಇಡುತ್ತಿದ್ದೆವು. ಸೇರಿದ ಎರಡನೇ ತಿಂಗಳಲ್ಲಿ ಮನೆ ಖಾಲಿ ಮಾಡಿಸುವ ದಾವೆಯ ಮಧ್ಯೆ ವಿಚ್ಛೇದನದ ಅರ್ಜಿಯ ಹಾಳೆಯೊಂದನ್ನು ಸೇರಿಸಿ ಹೊಲಿದುಬಿಟ್ಟೆ. ನ್ಯಾಯಾಧೀಶರು ಓದುತ್ತಾ ಹೋದವರು ಕನ್ನಡಕ ತೆಗೆದು ನಮ್ಮ ಆಫೀಸಿನ ಹಿರಿಯ ವಕೀಲರನ್ನು ಕೇಳಿದರು: "ಏನ್ರೀ, ನಿಮ್ಮ ಬಾಡಿಗೆದಾರರು ಗೌರಿ ಹಬ್ಬಕ್ಕೆ ತವರಿಗೆ ಹೋದವರು ವಾಪಸ್ ಬಂದೇ ಇಲ್ಲ ಅಂತ ಬರೆದಿದ್ದೀರಿ. ಹಾಗಿದ್ರೆ ಮನೆ ಖಾಲಿಯಾಗೇ ಇದೆಯಲ್ಲ, ನಾನೇನು ಖಾಲಿ ಮಾಡಿಸ್ಲಿ?" ಇಡೀ ಕೋರ್ಟು ನಕ್ಕಿತು. ಹಿರಿಯರು ಹೊರಗೆ ಬಂದು ನನಗೆ ಬೈಯಲಿಲ್ಲ. ಕ್ಯಾಂಟೀನಿನಲ್ಲಿ ಕಾಫಿ ಕೊಡಿಸಿ, "ಹೊಲಿಯೋ ಮುಂಚೆ ಓದೋ" ಎಂದರು ಅಷ್ಟೆ. ಬೈದಿದ್ದರೆ ಮರೆತುಬಿಡುತ್ತಿದ್ದೆ.

ನನಗೆ ಕಾನೂನನ್ನು ಕಲಿಸಿದವರೂ ಅವರೇ. ಬಿನ್ನಿಪೇಟೆಯ ಪ್ರೆಸ್ಸೊಂದಕ್ಕೆ ಮುದ್ರಣ ಯಂತ್ರ ಮಾರಿದ ಹೊರದೇಶದ ಕಂಪನಿಯ ಪರವಾಗಿ ನಾವು ದಾವೆ ಹಾಕಿದ್ದೆವು. ಇಲ್ಲಿ ನೋಂದಣಿಯೇ ಇಲ್ಲದ ಕಂಪನಿ ನಮ್ಮ ಕೋರ್ಟಿಗೆ ಹೇಗೆ ಬಂತು ಎಂದು ಎದುರಿನವರು ಕೂಗಾಡಿದರು. ಹಿರಿಯರು ಎದ್ದು ನಿಂತು ನಾಲ್ಕೇ ಮಾತಿನಲ್ಲಿ ಅವರ ಬಾಯಿ ಮುಚ್ಚಿಸಿದರು. ಅದು ಹೇಗೆ ಎಂದು ಆಮೇಲೆ ಕೇಳಿದೆ.

"ನೆಂಟ ಬಂದು ಉಂಡು ಹೋದ್ರೆ ಯಾರಾದ್ರೂ ರೇಷನ್ ಕಾರ್ಡ್ ಕೇಳ್ತಾರೇನೋ? ಇಲ್ಲೇ ಮನೆ ಮಾಡ್ಕೊಂಡು ಕೂತ್ರೆ ಕೇಳ್ತಾರೆ. ಹೊರದೇಶದ ಕಂಪನಿನೂ ಅಷ್ಟೇ. ಅಲ್ಲಿಂದಲೇ ವ್ಯಾಪಾರ ಮಾಡಿದ್ರೆ ಧಾರಾಳವಾಗಿ ಇಲ್ಲಿ ಕೇಸ್ ಹಾಕ್ಬಹುದು. ಇಲ್ಲಿ ಅಂಗಡಿ ಇಟ್ರೆ ಮಾತ್ರ ಸರ್ಕಾರದ ಹತ್ರ ಕಾಗದ ಕೊಟ್ಟು ಹೆಸರು ಬರೆಸ್ಬೇಕು. ಬರೆಸೋವರೆಗೂ ಅದು ಆ ವ್ಯವಹಾರದ ಮೇಲೆ ಕೇಸ್ ನಡೆಸೋ ಹಾಗಿಲ್ಲ. ಆದ್ರೆ ಅದರ ಮೇಲೆ ಬೇರೆಯವರು ಹಾಕ್ಬಹುದು."

"ಇದ್ಯಾವ ನ್ಯಾಯ ಸಾರ್? ಅವರ ಪಾಲಿಗೆ ಬಾಗಿಲೇ ಮುಚ್ಚಿದ ಹಾಗಾಯ್ತಲ್ಲ?"

"ಮುಚ್ಚಿಲ್ಲ ಕಣೋ, ಚಿಲಕ ಹಾಕಿದೆ. ಹೆಸರು ಬರೆಸಿದ ದಿನ ತೆಗೆಯುತ್ತೆ."

ಹಿರಿಯರು ತೀರಿಕೊಂಡ ಮೇಲೆ ಅವರ ಮಗಳು ವಸುಧಾ ಮೇಡಂ ಆಫೀಸು ನಡೆಸಿದರು. ತಂದೆಯ ಬುದ್ಧಿ ಅವರಿಗಿತ್ತು, ತಂದೆಯ ನಿಧಾನ ಇರಲಿಲ್ಲ. ಅವರ ಕಾಲದಲ್ಲಿ ದಬ್ಬಳ ಹೋಯಿತು, ಸ್ಕ್ಯಾನರ್ ಬಂತು. ನನ್ನ ವೃತ್ತಿಯ ಅತಿ ದೊಡ್ಡ ಗೆಲುವು ಬಂದದ್ದೂ ಅವರ ಕಾಲದಲ್ಲೇ. ಅದೇ ನನ್ನ ಅತಿ ದೊಡ್ಡ ತಪ್ಪೂ ಹೌದು.

ನಾನು ಇರುವುದು ಆರ್‌ಪಿಸಿ ಲೇಔಟಿನಲ್ಲಿ. ನಮ್ಮಿಂದ ಎರಡು ಮನೆ ಆಚೆ ಗಿರಿಜಮ್ಮ ಇದ್ದಾರೆ. ಹಾವೇರಿ ಕಡೆಯವರು. ಆಸ್ಪತ್ರೆಯೊಂದರಲ್ಲಿ ಕೃತಕ ಕಾಲು ಜೋಡಿಸುವ ಕೆಲಸ ಕಲಿತು, ಆಮೇಲೆ ಮನೆಯ ಮುಂದಿನ ಕೋಣೆಯಲ್ಲೇ ಮಕ್ಕಳಿಗೆ ಕಾಲು ಜೋಡಿಸುತ್ತಿದ್ದರು. ಯೂರೋಪಿನಲ್ಲಿ ಮಕ್ಕಳ ಕೃತಕ ಪಾದ ಮಾಡುವ ಸಣ್ಣ ಕಂಪನಿಯೊಂದರ ಯಜಮಾನ, ಹೆಂಡ್ರಿಕ್ ಎಂಬ ವಯಸ್ಸಾದವರು, ಇವರ ಕೆಲಸ ನೋಡಿ ಮೆಚ್ಚಿ ಇವರನ್ನು ತಮ್ಮ ಕಂಪನಿಯ ಇಲ್ಲಿನ ಪ್ರತಿನಿಧಿ ಮಾಡಿಕೊಂಡರು. ಪಾದ ಎರಕ ಹೊಯ್ಯುವ ಅಚ್ಚುಗಳನ್ನು ಕಾಮಾಕ್ಷಿಪಾಳ್ಯದ ರಬ್ಬರ್ ವರ್ಕ್‌ಷಾಪಿಗೆ ಕೊಟ್ಟರು. ಪಾದಗಳು ಅಲ್ಲಿ ತಯಾರಾಗಿ ಗಿರಿಜಮ್ಮನ ಕೋಣೆಗೆ ಬರುತ್ತಿದ್ದವು.

ಇದು ಶುರುವಾದಾಗ ಗಿರಿಜಮ್ಮ ಪೂಜೆ ಇಟ್ಟುಕೊಂಡರು. ಆಮಂತ್ರಣ ಪತ್ರಿಕೆ ಬರೆಸಲು ನನ್ನ ಹತ್ತಿರ ಬಂದರು. "ನಂಜುಂಡಯ್ಯನವರ, ನೀವು ದಿನಾ ಕೋರ್ಟಿಗೆ ಬರಿಯೋರು. ನಮಗೊಂದು ಕಾರ್ಡ್ ಬರದು ಕೊಡ್ರಿ, ಚಂದಂಗ."

ನಾನು ಹುರುಪಿನಿಂದ ಬರೆದೆ. ಮೇಲೆ ಗಣಪತಿ. ಕೆಳಗೆ 'ನಮ್ಮ ಕಂಪನಿಯ ನೂತನ ಶಾಖಾ ಕಚೇರಿಯ ಪ್ರಾರಂಭೋತ್ಸವ'. ಕೊನೆಗೆ 'ಸುಖಾಗಮನ ಬಯಸುವವರು' ಎಂದು ಹಾಕಿ, ಮೊದಲು ಶ್ರೀಯುತ ಹೆಂಡ್ರಿಕ್, ಆಮೇಲೆ ಗಿರಿಜಮ್ಮ ಮತ್ತು ಕುಟುಂಬ.

"ಶಾಖಾ ಕಚೇರಿ ಅಂದ್ರ ಭಾಳ ದೊಡ್ಡದಾತಲ್ರೀ? ಇದು ನಮ್ಮನಿ ಪಡಸಾಲಿ" ಎಂದು ಅವರು ನಕ್ಕರು.

"ಪಡಸಾಲೆಗೆ ಯಾರಮ್ಮ ಕಾರ್ಡ್ ಹಾಕಿಸ್ತಾರೆ? ಇರ್ಲಿ ಬಿಡಿ, ಕೇಳೋಕೆ ಗತ್ತಾಗಿರುತ್ತೆ" ಎಂದೆ.

ಪೂಜೆಗೆ ಹೆಂಡ್ರಿಕ್ ಬಂದಿದ್ದರು. ಜಾರುತ್ತಿದ್ದ ಪಂಚೆಯನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ಮಂಗಳಾರತಿ ತೆಗೆದುಕೊಂಡರು. ಕೇಸರಿಬಾತ್ ಎರಡು ಸಲ ಹಾಕಿಸಿಕೊಂಡರು. ಒಳ್ಳೆಯ ದಿನ ಅದು.

ಎರಡು ವರ್ಷದ ಮೇಲೆ ವಸುಧಾ ಮೇಡಂ ಹತ್ತಿರ ಹೊಸ ಕಕ್ಷಿದಾರರೊಬ್ಬರು ಬಂದರು. ಕಾಮಾಕ್ಷಿಪಾಳ್ಯದ ಅದೇ ವರ್ಕ್‌ಷಾಪಿನ ರುದ್ರಣ್ಣ. ಪಾದಗಳು ಬೇಗ ಬಿರಿಯುತ್ತಿವೆ ಎಂದು ಕಂಪನಿ ಆಕ್ಷೇಪಿಸಿತ್ತು, ಅಚ್ಚುಗಳನ್ನು ಬೇರೆ ಕಡೆ ಕೊಡುತ್ತೇವೆ ಎಂದಿತ್ತು. ರುದ್ರಣ್ಣ ಕೊಡಲು ಒಪ್ಪಿರಲಿಲ್ಲ. ಅಚ್ಚುಗಳನ್ನು ವಾಪಸ್ ಕೊಡಿಸಿ ಎಂದು ಕಂಪನಿ ದಾವೆ ಹಾಕಿತ್ತು. ರುದ್ರಣ್ಣ ದುಷ್ಟರೇನಲ್ಲ. "ಅಚ್ಚು ಅವರದೇ ಸಾರ್. ಆದ್ರೆ ಅಲ್ಲಿಂದ ಬಂದಾಗ ಅದ್ರಲ್ಲಿ ಹಿಮ್ಮಡಿ ಸರಿಯಾಗಿ ಬೀಳ್ತಾನೇ ಇರ್ಲಿಲ್ಲ. ಅರ ಹಿಡ್ಕೊಂಡು ಉಜ್ಜಿ ಉಜ್ಜಿ ತಿಂಗಳುಗಟ್ಟಲೆ ತಿದ್ದಿದವನು ನಾನು. ಈಗ ಬೇರೆಯವನ ಕೈಗೆ ಕೊಡು ಅಂದ್ರೆ ಹೊಟ್ಟೆ ಉರಿಯಲ್ವಾ?" ಎಂದು ನನ್ನ ಮುಂದೆ ಕಣ್ಣೊರೆಸಿಕೊಂಡಿದ್ದರು.

ದಾವೆಯ ಪ್ರತಿಯಲ್ಲಿ ಗಿರಿಜಮ್ಮನ ಹೆಸರು ನೋಡಿದ ದಿನವೇ ನಾನು, "ಮೇಡಂ, ಇವರು ನಮ್ಮ ಬೀದಿಯವರು, ಈ ಫೈಲು ಬೇರೆಯವರು ನೋಡ್ಲಿ" ಎನ್ನಬೇಕಿತ್ತು. ಹೇಳಲಿಲ್ಲ. ನೆಂಟರ ಮೇಲೆ ಪ್ರೀತಿ, ಅಕ್ಕಿಯ ಮೇಲೆ ಆಸೆ. ಬೀದಿಯಲ್ಲಿ ಒಳ್ಳೆಯವನಾಗಿರಬೇಕು, ಆಫೀಸಿನಲ್ಲಿ ಬೇಕಾದವನಾಗಿರಬೇಕು. ಹೊಸದಾಗಿ ಸೇರುವವರೇ, ನಾನು ನಿಮಗೆ ಹೇಳಬೇಕಾದ ಮೊದಲ ಮಾತು ಇದು. ಪರಿಚಯ ಇದ್ದರೆ ಮೊದಲ ದಿನವೇ ಬಾಯಿ ಬಿಡಿ.

ನಾನು ಬಾಯಿ ಬಿಟ್ಟದ್ದು ಬಿಡಬಾರದ ದಿನ. ಮೇಡಂ ಕಾಗದ ತಿರುವುತ್ತಾ ಕೇಳಿದರು: "ನಂಜುಂಡಯ್ಯ, ಇಲ್ಲಿ ನಮಗೆ ಕಚೇರಿ ಇಲ್ಲ, ಅಲ್ಲಿಂದಲೇ ವ್ಯವಹಾರ ಅಂತ ಬರ್ದಿದ್ದಾರೆ. ನೋಂದಣಿನೂ ಇಲ್ಲ. ಇಲ್ಲಿ ಕಚೇರಿ ಇದೆ ಅನ್ನೋಕೆ ಏನಾದ್ರೂ ಸಿಕ್ರೆ ಕೇಸ್ ಇಲ್ಲೇ ನಿಲ್ಲುತ್ತೆ. ಸಿಗುತ್ತಾ?"

"ಇದೆ ಮೇಡಂ. ನಮ್ಮ ಮನೇಲೇ ಇದೆ."

ಮೂವತ್ತೈದು ವರ್ಷ ಕಾಗದ ಹುಡುಕಿ ಹುಡುಕಿ ಆದ ಅಭ್ಯಾಸ ಅದು. ಹೇಳಿ ಮುಗಿಸಿದ ಮೇಲೆ ಏನು ಹೇಳಿದೆ ಎಂದು ನನಗೆ ಗೊತ್ತಾಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮೇಡಂ ಮುಖ ಆಗಲೇ ಅರಳಿತ್ತು.

ಬೇರೆಯವರ ಮನೆಯಲ್ಲಾಗಿದ್ದರೆ ಎರಡು ವರ್ಷದ ಹಳೆಯ ಆಮಂತ್ರಣ ಪತ್ರಿಕೆ ಉಳಿಯುತ್ತಲೇ ಇರಲಿಲ್ಲವೇನೋ. ನನ್ನ ಹೆಂಡತಿ ಸರೋಜ ದೇವರ ಚಿತ್ರ ಇರುವ ಯಾವುದನ್ನೂ ಕಸಕ್ಕೆ ಹಾಕುವವಳಲ್ಲ. ಮದುವೆ, ಗೃಹಪ್ರವೇಶ, ನಾಮಕರಣ ಎಲ್ಲದರ ಕಾರ್ಡುಗಳು ದೇವರ ಗೂಡಿನ ಹಿಂದೆ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಇರುತ್ತವೆ. ಯಾವಾಗಲಾದರೂ ಪುಣ್ಯಕ್ಷೇತ್ರಕ್ಕೆ ಹೋದಾಗ ಹೊಳೆಗೆ ಬಿಡುತ್ತಾಳೆ. ಆ ಎರಡು ವರ್ಷ ನಾವು ಎಲ್ಲಿಗೂ ಹೋಗಿರಲಿಲ್ಲ.

"ಅದ್ಯಾಕ್ರೀ ಗಿರಿಜಮ್ಮನ ಕಾರ್ಡು?" ಎಂದಳು ನಾನು ಕವರು ಬಿಚ್ಚಿದಾಗ.

"ಆಫೀಸಿಗೆ."

"ಆಫೀಸಲ್ಲಿ ಅದಕ್ಕೇನು ಕೆಲಸ?"

ಕೇಳಿಸದವನ ಹಾಗೆ ಚಪ್ಪಲಿ ಮೆಟ್ಟಿಕೊಂಡೆ.

ಕಂಪನಿಯ ಪರವಾಗಿ ಸಾಕ್ಷಿ ಹೇಳಲು ಗಿರಿಜಮ್ಮನೇ ಬಂದಿದ್ದರು. ಕಟಕಟೆಯಲ್ಲಿ ನಿಂತವರಿಗೆ ಮೇಡಂ ಕಾರ್ಡನ್ನು ತೋರಿಸಿದರು. ನಾನು ಮೇಡಂ ಹಿಂದೆ ಫೈಲು ಹಿಡಿದು ಕೂತಿದ್ದೆ. "ಇದು ನಿಮ್ಮದೇ ಕಾರ್ಡ್ ತಾನೆ?" ಎಂದು ಮೇಡಂ ಕೇಳಿದರು.

"ಹೌದ್ರಿ."

"ಇದರಲ್ಲಿ ಶಾಖಾ ಕಚೇರಿ ಅಂತಿದೆ. ಕಂಪನಿಯ ಯಜಮಾನರ ಹೆಸರಿದೆ. ಅವರೂ ಬಂದಿದ್ರು ಅಲ್ವಾ? ಆವತ್ತಿಂದ ಅಲ್ಲೇ ಮಕ್ಕಳಿಗೆ ಕಾಲು ಜೋಡಿಸ್ತಾ ಇದೀರಿ, ಅಲ್ಲಿಂದಲೇ ಆರ್ಡರ್ ಕಳಿಸ್ತಾ ಇದೀರಿ, ಹೌದಾ?"

"ಹೌದ್ರಿ."

"ಈ ಕಾರ್ಡ್ ಬರೆದದ್ದು ಯಾರು?"

ಮೇಡಂಗೆ ನಿಜಕ್ಕೂ ಗೊತ್ತಿರಲಿಲ್ಲ, ಸುಮ್ಮನೆ ಕೇಳಿದರು. ಗಿರಿಜಮ್ಮ ತಲೆ ಎತ್ತಿದರು. ಅವರ ಕಣ್ಣು ನನ್ನ ಮೇಲೆ ಬಂದು ನಿಂತಿತು. ಕಾರ್ಡು ಯಾರ ಮನೆಯಿಂದ ಬಂತು ಎಂಬುದು ಆಗಲೇ ಅವರಿಗೆ ಹೊಳೆದಿರಬೇಕು. ನಾನು ಫೈಲಿನ ದಾರ ಬಿಚ್ಚಿ ಮತ್ತೆ ಕಟ್ಟತೊಡಗಿದೆ. ಅವರು ನ್ಯಾಯಾಧೀಶರ ಕಡೆ ತಿರುಗಿ ಹೇಳಿದರು: "ನಾನ ಹೇಳಿ ಬರಸೀನ್ರಿ. ತಪ್ಪಿದ್ರ ನಂದ."

ಆದೇಶ ನಮ್ಮ ಪರವಾಗಿ ಬಂತು. ಕಂಪನಿಗೆ ಇಲ್ಲಿ ವ್ಯವಹಾರದ ಸ್ಥಳ ಇದೆ, ನೋಂದಣಿ ಆಗಿಲ್ಲ, ಆದ್ದರಿಂದ ದಾವೆ ಮುಂದುವರಿಯುವಂತಿಲ್ಲ. ರುದ್ರಣ್ಣ ಪೇಡ ಹಂಚಿದರು. ಮೇಡಂ ಎಲ್ಲರೆದುರು, "ಈ ಕೇಸ್ ಗೆದ್ದಿದ್ದು ನಂಜುಂಡಯ್ಯ" ಎಂದರು. ಅಷ್ಟು ವರ್ಷಗಳಲ್ಲಿ ಯಾರೂ ಹಾಗೆ ಹೇಳಿರಲಿಲ್ಲ. ಪೇಡದ ಪೊಟ್ಟಣವನ್ನು ಮೆಟ್ರೋದಲ್ಲಿ ತೊಡೆಯ ಮೇಲಿಟ್ಟುಕೊಂಡು ಕೂತವನು ವಿಜಯನಗರ ಸ್ಟೇಷನ್ನಿನಲ್ಲಿ ಇಳಿಯುವಾಗ ಬೇಕೆಂದೇ ಬಿಟ್ಟು ಇಳಿದೆ.

ಗಿರಿಜಮ್ಮನ ಮನೆ ದಾಟದೆ ನಮ್ಮ ಮನೆಗೆ ದಾರಿಯಿಲ್ಲ. ನಾಲ್ಕು ತಿಂಗಳು ತಲೆ ತಗ್ಗಿಸಿಕೊಂಡು ಓಡಾಡಿದೆ. ಒಂದು ಭಾನುವಾರ ಸರೋಜ ಜಗಳ ತೆಗೆದಳು. "ಅವರೇ ಮಾತಾಡಿಸ್ತಾ ಇದಾರೆ, ನೀವು ಕಳ್ಳನ ಥರ ಹೋಗ್ತೀರಲ್ಲ! ಹೋಗಿ ಕೂತು ಬನ್ನಿ" ಎಂದು ಅಟ್ಟಿದಳು. ಹೋದೆ.

ಕೋಣೆಯಲ್ಲಿ ಕೆಂಗೇರಿ ಉಪನಗರದಿಂದ ಬಂದಿದ್ದ ತಾಯಿ, ಮಗಳು ಕೂತಿದ್ದರು. ಐಶ್ವರ್ಯ ಎಂಬ ಹುಡುಗಿ, ಐದನೇ ಕ್ಲಾಸು. ಎಡಗಾಲು ಮಂಡಿಯಿಂದ ಕೆಳಗೆ ಇಲ್ಲ. ಅವಳಿಗೆ ಹಾಕಿದ್ದ ಪಾದ ಈಗ ಗಿಡ್ಡವಾಗಿತ್ತು. ಬಲಗಾಲು ಬೆಳೆದಿತ್ತು. ಮುಂದಿನ ಅಳತೆಯ ಪಾದದ ಅಚ್ಚು ರುದ್ರಣ್ಣನ ವರ್ಕ್‌ಷಾಪಿನಲ್ಲಿ ಬೀಗ ಹಾಕಿಕೊಂಡು ಕೂತಿತ್ತು. ಹುಡುಗಿ ಕುಂಟಿ ಕುಂಟಿ ಸೊಂಟ ನೋಯುತ್ತಿದೆ ಎಂದು ತಾಯಿ ಹೇಳುತ್ತಿದ್ದಳು. ಹೇಳುತ್ತಲೇ ಬ್ಯಾಗಿನಿಂದ ಒಂದು ಮದುವೆ ಕಾರ್ಡು, ಕತ್ತರಿ ತೆಗೆದಳು. ಮೂಲೆಯಲ್ಲಿದ್ದ ಗಣಪತಿಯನ್ನು ಗುಂಡಗೆ ಕತ್ತರಿಸಿ ಕಣ್ಣಿಗೊತ್ತಿಕೊಂಡು ಪರ್ಸಿನಲ್ಲಿಟ್ಟಳು. ಉಳಿದ ರಟ್ಟನ್ನು ನಾಲ್ಕು ಮಡಿಕೆ ಮಾಡಿ ಮಗಳ ಎಡ ಶೂ ಒಳಗೆ ಹಿಮ್ಮಡಿಗೆ ಇಟ್ಟಳು.

"ವಾರಕ್ಕೊಂದು ಬೇಕಾಗುತ್ತೆ ಸಾರ್, ಸಪ್ಪಟೆ ಆಗೋಗುತ್ತೆ" ಎಂದಳು, ನಾನು ನೋಡುತ್ತಿದ್ದುದಕ್ಕೆ. "ಅಕ್ಕಪಕ್ಕದೋರು ಹಳೇ ಕಾರ್ಡೆಲ್ಲ ನಮಗೇ ಕೊಡ್ತಾರೆ."

ಹುಡುಗಿ ಎದ್ದು ಎರಡು ಹೆಜ್ಜೆ ಹಾಕಿ, "ಇವತ್ತು ಪರವಾಗಿಲ್ಲಮ್ಮ" ಎಂದಳು. ನಾನು ಗೋಡೆಯ ಕಡೆ ತಿರುಗಿಕೊಂಡೆ. ಅಳು ತಡೆಯಲು ಆಗಲಿಲ್ಲ.

ಅವರು ಹೋದ ಮೇಲೆ ಗಿರಿಜಮ್ಮ ಚಹಾ ತಂದರು. "ನಿಮ್ಮ ಕೆಲಸ ನೀವು ಮಾಡೀರಿ. ಅದರಾಗೇನ ಐತಿ? ಆದ್ರ ಹುಡುಗರ ಕಾಲು ಕೋರ್ಟಿನ ತಾರೀಖಿಗೆ ಕಾಯಂಗಿಲ್ಲ ನೋಡ್ರಿ, ಬೆಳೀತಾವು" ಎಂದರು. ತಮ್ಮ ವಕೀಲರು ಹೈಕೋರ್ಟಿಗೆ ಹೋಗೋಣ ಎನ್ನುತ್ತಿದ್ದಾರಂತೆ, ವರ್ಷಗಳು ಹಿಡಿಯಬಹುದಂತೆ. ಈಗ ನೋಂದಣಿ ಮಾಡಿಸಿದರೆ ತಪ್ಪು ಒಪ್ಪಿಕೊಂಡ ಹಾಗೆ ಎಂಬುದು ಆ ವಕೀಲರ ವಾದ. ಹೆಂಡ್ರಿಕ್ ಮಾತ್ರ, ನಿಮ್ಮ ದೇಶದ ಕೋರ್ಟಿನಲ್ಲಿ ನಮಗೆ ಹಕ್ಕಿಲ್ಲ ಎಂದ ಮೇಲೆ ಇನ್ನೇನು, ಇಲ್ಲಿಗೆ ಮುಗಿಸೋಣ ಎಂದು ಕಾಗದ ಬರೆದಿದ್ದರಂತೆ.

ಬಾಗಿಲು ಮುಚ್ಚಿಲ್ಲ ಕಣೋ, ಚಿಲಕ ಹಾಕಿದೆ. ಹಿರಿಯರ ಮಾತು ಗಂಟಲಿಗೆ ಬಂತು, ನುಂಗಿಕೊಂಡೆ. ನಾನು ಎದುರು ಪಕ್ಷದವನು. ನಮ್ಮ ಕಕ್ಷಿದಾರನ ಅನ್ನ ಉಂಡು ಇವರಿಗೆ ದಾರಿ ತೋರಿಸಿದರೆ ಅದೂ ದ್ರೋಹವೇ. ಒಮ್ಮೆ ಯೋಚಿಸದೆ ಬಾಯಿಬಿಟ್ಟು ಕೆಟ್ಟಿದ್ದೆ. ಇನ್ನೊಮ್ಮೆ ಬೇಡ ಎಂದು ಮರುದಿನ ಮೇಡಂ ಮುಂದೆ ನಿಂತೆ. ಕಾರ್ಡು ಬರೆದವನು ನಾನೇ ಎಂಬುದರಿಂದ ಹಿಡಿದು ಶೂ ಒಳಗಿನ ರಟ್ಟಿನವರೆಗೆ ಎಲ್ಲ ಹೇಳಿದೆ.

ಮೇಡಂ ಕೈಯಲ್ಲಿದ್ದ ಪೆನ್ನಿಗೆ ಮುಚ್ಚಳ ಹಾಕಿ ಕೆಳಗಿಟ್ಟರು. "ಇದನ್ನ ಮೊದಲೇ ಹೇಳಿದ್ರೆ ನಾನು ಆ ಕಾರ್ಡ್ ಮುಟ್ತಾ ಇರ್ಲಿಲ್ಲ. ಬೇರೆ ದಾರೀಲಿ ಸಾಬೀತು ಮಾಡ್ತಿದ್ದೆ" ಎಂದರು. ಅಪ್ಪನ ಹಾಗೆಯೇ ಬೈಯದೆ ಹೇಳಿದ್ದರಿಂದ ಹೆಚ್ಚು ತಾಗಿತು. ಆಮೇಲೆ ಹೇಳಿದರು: "ನಮ್ಮ ಫೈಲಿನ ಒಂದು ಅಕ್ಷರ ಹೊಸಿಲು ದಾಟಬಾರದು. ನೀವು ಅವರ ಬೀದಿಯವರು ಅನ್ನೋದನ್ನ ರುದ್ರಣ್ಣಂಗೆ ನಾನೇ ಫೋನ್ ಮಾಡಿ ಹೇಳ್ತೀನಿ. ಆದ್ರೆ ಕೋರ್ಟಿನ ಆದೇಶ ಯಾರ ಸ್ವತ್ತೂ ಅಲ್ಲ. ಕೋರ್ಟಿನ ಇಂಗ್ಲಿಷ್ ತಿಳಿಯದವರೊಬ್ಬರಿಗೆ ಅದನ್ನ ಓದಿ ಹೇಳೋದು ದ್ರೋಹ ಅಲ್ಲ."

ಆ ಸಂಜೆ ಗಿರಿಜಮ್ಮನ ಹತ್ತಿರವೇ ಇದ್ದ ಆದೇಶದ ಪ್ರತಿ ಕೇಳಿ, ಇಂಗ್ಲಿಷಿನ ಕೊನೆಯ ಪ್ಯಾರಾವನ್ನು ಕನ್ನಡದಲ್ಲಿ ಹೇಳಿದೆ. ದಾವೆ ವಜಾ ಆಗಿಲ್ಲ. ಕಂಪನಿ ಕಾಗದಗಳನ್ನು ಸಲ್ಲಿಸುವವರೆಗೆ ನಿಂತಿದೆ, ಅಷ್ಟೆ. ಸಲ್ಲಿಸಿದ ಮೇಲೆ ಮುಂದುವರಿಸಬಹುದು. ಒಂದು ಮಾತು ಹೆಚ್ಚು ಹೇಳಲಿಲ್ಲ, ಒಂದು ಮಾತು ಬಿಡಲೂ ಇಲ್ಲ.

"ಹಂಗಂದ್ರ ನಾವು ಸೋತಿಲ್ಲೇನ್ರಿ?"

"ನಿಂತಿದೀರಿ ಅಷ್ಟೇ ಅಮ್ಮ. ಮಿಕ್ಕಿದ್ದು ನಿಮ್ಮ ವಕೀಲರನ್ನ ಕೇಳಿ."

ಕೇಳಿದರು. ಪಟ್ಟು ಹಿಡಿದು ಕೇಳಿದರು. ವಕೀಲರು ಹೈಕೋರ್ಟಿನ ಮಾತು ಬಿಟ್ಟು ನೋಂದಣಿಗೆ ಕೈ ಹಾಕಿದರು. ಅರ್ಜಿಯಲ್ಲಿ ಕಚೇರಿ ಯಾವ ದಿನ ಶುರುವಾಯಿತು ಎಂದು ಬರೆಯಬೇಕು, ಅದಕ್ಕೆ ಆಧಾರ ಬೇಕು. ಗಿರಿಜಮ್ಮ ಕೋರ್ಟಿನಿಂದ ದೃಢೀಕೃತ ಪ್ರತಿ ತೆಗೆಸಿದರು, ನಾನು ಬರೆದ ಅದೇ ಕಾರ್ಡಿನದು. ಚಿಲಕ ಹಾಕಿದ್ದೂ ಅದೇ, ತೆಗೆದದ್ದೂ ಅದೇ.

ದಾವೆ ಮತ್ತೆ ಜೀವ ಹಿಡಿದ ತಿಂಗಳಲ್ಲಿ ನನ್ನ ನಿವೃತ್ತಿ. ನ್ಯಾಯಾಧೀಶರು ಎರಡೂ ಕಡೆಯವರನ್ನು ಕೂತು ಮಾತಾಡಿ ಎಂದು ರಾಜಿಗೆ ಕಳಿಸಿದರು. ಅಲ್ಲಿ ಗಿರಿಜಮ್ಮ ವಾದ ಮಾಡಲಿಲ್ಲವಂತೆ. ಐಶ್ವರ್ಯಳ ಶೂ ಒಳಗಿಂದ ತೆಗೆದಿದ್ದ ಸಪ್ಪಟೆ ರಟ್ಟುಗಳ ಕಟ್ಟನ್ನು ರುದ್ರಣ್ಣನ ಮುಂದೆ ಇಟ್ಟರಂತೆ. ರುದ್ರಣ್ಣ ಒಂದೊಂದನ್ನೂ ಎತ್ತಿ ನೋಡಿ, ಹಿಮ್ಮಡಿ ಒತ್ತಿದ ಗುರುತಿನ ಮೇಲೆ ಬೆರಳಾಡಿಸಿ, "ಇದು ಎಷ್ಟು ದಪ್ಪ ಬೇಕಾಗಿತ್ತು?" ಎಂದು ಕೆಲಸಗಾರನ ಹಾಗೆ ಕೇಳಿದರಂತೆ. ಅಚ್ಚುಗಳು ಕಂಪನಿಯವು ಎಂದು ಬರೆದುಕೊಟ್ಟರು. ಬಿರಿಯದ ಹಾಗೆ ರಬ್ಬರ್ ಬದಲಿಸಿ ಪಾದಗಳನ್ನು ತಾವೇ ಹೊಯ್ದುಕೊಡುವುದಾಗಿಯೂ ಒಪ್ಪಿಕೊಂಡರು. ಐಶ್ವರ್ಯಳಿಗೆ ಹೊಸ ಪಾದ ಬಂತು. ಸೊಂಟದ ನೋವು ಪೂರ್ತಿ ಹೋಗಿಲ್ಲ ಎಂದು ಅವಳ ತಾಯಿ ಹೇಳುತ್ತಾಳೆ. ಅದು ನನ್ನ ಲೆಕ್ಕಕ್ಕೇ ಸೇರಿದ್ದು.

ನೋಂದಣಿ ಪತ್ರಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುವ ದಿನ ಗಿರಿಜಮ್ಮ ಮತ್ತೆ ಪೂಜೆ ಇಟ್ಟುಕೊಂಡರು. ಈ ಸಲ ಕಾರ್ಡು ಬರೆಯಲು ನನ್ನನ್ನು ಕೇಳಲಿಲ್ಲ. ನನಗೆ ಚುಚ್ಚಿತು, ಅದೇ ಸರಿ ಎಂದೂ ಅನ್ನಿಸಿತು. ಅಚ್ಚಾದ ಕಾರ್ಡನ್ನು ಅವರೇ ಮನೆಗೆ ತಂದು, ಅರಿಶಿನ ಕುಂಕುಮ ಹಚ್ಚಿ ಸರೋಜಳ ಕೈಗೆ ಕೊಟ್ಟರು. ನಾನು ಕನ್ನಡಕ ಹಾಕಿಕೊಂಡು ಓದಿದೆ. ಹಳೆಯ ಅಭ್ಯಾಸ, ತಪ್ಪು ಹುಡುಕುವುದು. ಕೊನೆಯಲ್ಲಿ ಸುಖಾಗಮನ ಬಯಸುವವರು: ಶ್ರೀಯುತ ಹೆಂಡ್ರಿಕ್. ಗಿರಿಜಮ್ಮ ಮತ್ತು ಕುಟುಂಬ. ರುದ್ರಣ್ಣ. ಅದರ ಕೆಳಗೆ, ಅಷ್ಟೇ ದಪ್ಪ ಅಕ್ಷರದಲ್ಲಿ, ನಂಜುಂಡಯ್ಯ, ವಕೀಲರ ಗುಮಾಸ್ತರು.

"ಇದ್ಯಾಕಮ್ಮ ನನ್ನ ಹೆಸರು?" ಎಂದೆ.

"ಯಾರು ಬರದದ್ದು ಅಂತ ಅವತ್ತು ಕೋರ್ಟಿನ್ಯಾಗ ಕೇಳಿದ್ರಲ್ರಿ" ಎಂದರು ಗಿರಿಜಮ್ಮ. "ಅಲ್ಲೆ ನಿಮ್ಮ ಹೆಸರು ಹೇಳಾಕ ಮನಸ್ಸಾಗ್ಲಿಲ್ಲ. ಇಲ್ಲೆ ಹೇಳೇನಿ."